ಯಾವ ಕಾಲು ಮುಂದೆ

“ಹಲೋ... ಹಲೋ, ಯಾರು ಮಾತಾಡೋದು? ... ಹಾಂ? ... ಒಂದ್ನಿಮಿಷ ಇರಿ, ಬಾಯಲ್ಲಿ ಗುಂಡುಸೂಜಿ ಇದೆ.”

ಅವಳು ತುಟಿಯ ನಡುವಿನ ನಾಲ್ಕು ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮಣಿಕಟ್ಟಿನ ಮೆತ್ತೆಗೆ ಚುಚ್ಚಿದಳು. ಹೊಲಿಗೆ ಅಂಗಡಿಯ ಆಳೆತ್ತರದ ಕನ್ನಡಿಯೊಳಗೆ, ಮುಖದಲ್ಲಿ ಅವಳನ್ನೇ ಹೋಲುವ, ಸೊಂಟದಿಂದ ಕೆಳಗೆ ಮಾತ್ರ ಮೂರು ಪಟ್ಟು ದಪ್ಪಗಿದ್ದ ಹೆಂಗಸೊಬ್ಬಳು ಅದನ್ನೇ ಮಾಡಿದಳು.

“ಈಗ ಹೇಳಿ, ಯಾರು? ... ಅಯ್ಯೋ, ಅಕ್ಕಾ! ನೀನಾ! ಇದ್ಯಾವ ನಂಬರು? ... ಆಸ್ಪತ್ರೆ ಫೋನಾ. ನಿನ್ನ ಮೊಬೈಲಿಗೇನಾಯ್ತು? ... ಮತ್ತೆ ಚಾರ್ಜ್ ಹಾಕೋದು ಮರೆತ್ಯಾ? ಊರವರ ಮೂಳೆ ಎಲ್ಲಾ ಕೂಡಿಸೋ ನರ್ಸಮ್ಮ, ಒಂದು ವೈರು ಕೂಡಿಸೋಕೆ ಬರಲ್ವಲ್ಲೇ ನಿಂಗೆ!”

“... ಹೂಂ, ನಾಳೆ ಬೆಳಿಗ್ಗೆ ಏಳಕ್ಕೆ ಬಸ್ಸು. ಮಗಳು, ಅಳಿಯ, ಗುಂಡಣ್ಣ, ನಾನು. ಮೂರು ದಿನ. ... ಹಾಂ, ಹಿಮದ ಬೆಟ್ಟಕ್ಕೇ. ... ಮತ್ತಿನ್ನೇನು, ಮಗು ನೋಡ್ಕೊಳ್ಳೋಕೇ ಕರ್ಕೊಂಡು ಹೋಗ್ತಿರೋದು. ಅವರಿಬ್ಬರೂ ಹಲಗೆ ಮೇಲೆ ಜಾರ್ತಾರೆ, ನಾನು ರೂಮಲ್ಲಿ ಮೊಮ್ಮಗನ ಮೂಗು ಒರೆಸ್ತಾ... ಅಲ್ವಾ, ಅಜ್ಜಿ ಅಂದ್ಮೇಲೆ ಅಷ್ಟೇ ತಾನೆ.”

ಅಷ್ಟೇ ತಾನೆ ಎಂದವಳು ಕಣ್ಣೆತ್ತಿ ಸುತ್ತ ನೋಡಿದಳು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಗೂಟದಲ್ಲಿ ಬೇರೆಯವರ ಕೋಟುಗಳು, ಬೇರೆಯವರ ಪ್ಯಾಂಟುಗಳು, ಒಂದೊಂದರ ಎದೆಯ ಮೇಲೂ ಒಂದೊಂದು ಚೀಟಿ.

“ಅಕ್ಕಾ, ಒಂದು ವಿಷಯ. ಕೂಗಾಡಬಾರದು. ... ಇಲ್ಲ ಇಲ್ಲ, ಎಲ್ಲರೂ ಚೆನ್ನಾಗಿದೀವಿ. ... ಮೊದಲು ಆಣೆ ಮಾಡು. ... ಹಾಂ. ನಾನೂ ಜಾರ್ತೀನಿ. ... ಹಲಗೆ ಮೇಲೆ ಕಣೇ. ಸ್ನೋಬೋರ್ಡು. ಎರಡೂ ಕಾಲನ್ನ ಒಂದೇ ಹಲಗೆಗೆ ಬಿಗಿದು ಬಿಡ್ತಾರಲ್ಲ, ಅದು. ಹೊಸಬರ ಕ್ಲಾಸಿಗೆ ಹೆಸರು ಕೊಟ್ಟಿದೀನಿ. ... ಅಕ್ಕಾ... ಅಕ್ಕಾ, ಆಣೆ ಮಾಡಿದೀಯ!”

ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಳು. ಅಷ್ಟು ದೂರದಿಂದಲೂ ಅಕ್ಕನ ಮಾತು ಕೇಳುತ್ತಿತ್ತು. ಮೂಳೆ ವಾರ್ಡಿನಲ್ಲಿ ಇಪ್ಪತ್ತೆಂಟು ವರ್ಷ ಕಳೆದವಳು; ಚಳಿಗಾಲ ಬಂತೆಂದರೆ ಹಿಮದ ಬೆಟ್ಟದಿಂದ ಇಳಿದು ಬರುವ ಮುರಿದ ಕೈಗಳಿಗೆ ಲೆಕ್ಕವಿಲ್ಲ ಎಂದು ಅವಳೇ ಹೇಳುತ್ತಿದ್ದಳು.

“ಮುಗೀತಾ? ... ಐವತ್ತೆರಡು. ನನ್ನ ವಯಸ್ಸು ನನಗೆ ಗೊತ್ತಿಲ್ವಾ? ... ಏನು? ಅಟ್ಟ ಹತ್ತದವಳು ಬೆಟ್ಟ ಹತ್ತಿಯಾಳಾ ಅಂತಾನಾ? ಹತ್ತೋದಿಲ್ಲಕ್ಕಾ, ಮೇಲಕ್ಕೆ ಒಯ್ಯೋಕೆ ತಾನಾಗಿ ಓಡೋ ಪಟ್ಟಿ ಇದೆಯಂತೆ. ನಾನು ಇಳಿಯೋದಷ್ಟೇ. ... ನಗು, ನಗು. ನಗೋದಾದ್ರೂ ಬಯ್ಯೋದಕ್ಕಿಂತ ವಾಸಿ.”

“... ಯಾರೂ ತಲೆ ಕೆಡಿಸಿಲ್ಲ. ಅಲ್ಲಿ ಹಲಗೆ ಕಲಿಸೋ ಮೇಷ್ಟ್ರು ಕೋಟಿಗೆ ಜಿಪ್ಪು ಹಾಕಿಸೋಕೆ ಬಂದಿದ್ರು. ಐವತ್ತು ದಾಟಿದವರಿಗೂ ಬೇರೆ ಕ್ಲಾಸಿದೆ, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ಅಂದ್ರು. ನನ್ನ ಬಾಯಿಂದ ‘ಹಾಗಾದ್ರೆ ನನ್ನ ಹೆಸರು ಬರ್ಕೊಳ್ಳಿ’ ಅಂತ ಬಂದೇ ಹೋಯ್ತು. ಯಾರೋ ಪಕ್ಕದಲ್ಲಿ ನಿಂತು ಹೇಳ್ದಂಗಿತ್ತು. ತಿರುಗಿ ನೋಡಿದ್ರೆ ಯಾರೂ ಇಲ್ಲ, ಹೊಲಿಗೆ ಮೆಷಿನ್ನು.”

“... ಹಾಗಲ್ಲಕ್ಕಾ. ಹತ್ತು ಚಳಿಗಾಲದಿಂದ ಊರವರ ಹಿಮದ ಪ್ಯಾಂಟು ಹೊಲಿತಿದೀನಿ. ಎಲ್ಲಿ ಹರಿಯುತ್ತೆ ಅಂತ ಕಣ್ಣು ಮುಚ್ಚಿ ಹೇಳ್ತೀನಿ, ಮಂಡಿ, ಕುಂಡಿ, ಎಡ ಸೊಂಟ. ಹರಿದ್ಮೇಲೆ ಎಲ್ಲರೂ ನನ್ನ ಹತ್ರ ಬರ್ತಾರೆ. ಹರಿಯೋವಾಗ ಹೆಂಗಿರುತ್ತೆ ಅಂತ ನಂಗೂ ಒಂದು ಸಲ ಗೊತ್ತಾಗ್ಬೇಡ್ವಾ? ... ಅಕ್ಕಾ? ಇದೀಯಾ?”

“... ಹಾಂ. ನಂಗೂ ಅದೇ ನೆನಪಾಯ್ತು. ಸ್ಕೂಲ್ ಹಿಂದಿನ ದಿಬ್ಬ. ನೀವೆಲ್ಲ ರಟ್ಟಿನ ಮೇಲೆ ಕೂತು ಜರ್‍ರಂತ ಇಳೀತಿದ್ರಿ. ... ನಾನು ಗೋಡೆ ಮೇಲೆ, ಹೌದು. ಹದಿನಾಲ್ಕು ಚಪ್ಪಲಿ ಕಾಯ್ತಾ. ... ಬಲವಂತ ಯಾರೂ ಮಾಡಿರ್ಲಿಲ್ಲ ಬಿಡು. ‘ನೀನು ಕೂತಿರು’ ಅಂದ್ರಿ, ಕೂತೆ. ಆಮೇಲೆ ಏಳು ಅಂತ ಯಾರೂ ಹೇಳೋದು ಮರೆತ್ರು. ... ಅಯ್ಯೋ, ಅಳ್ತಿದೀಯಾ? ಡ್ಯೂಟಿ ಮೇಲಿದ್ದೀಯೇ ಮಾರಾಯ್ತಿ! ... ನೆಗಡಿನಾ. ಸರಿ, ನೆಗಡಿ.”

ಅವಳು ನಕ್ಕಳು. ನಗುವಾಗ ಪ್ಯಾಂಟು ಅವಳೊಂದಿಗೆ ನಗಲಿಲ್ಲ, ಕಂಬದಂತೆ ನಿಂತೇ ಇತ್ತು.

“ಪ್ಯಾಂಟಾ? ನಾನೇ ಹೊಲಿದೆ. ಹಳೇ ರಜಾಯಿ ಬಿಚ್ಚಿ ಮಂಡಿಗೆ ನಾಲ್ಕು ಪದರ, ಹಿಂದುಗಡೆ ಆರು ಪದರ ಕೊಟ್ಟಿದೀನಿ. ಎಲ್ಲೆಲ್ಲಿ ಹರಿಯೋದು ನೋಡಿದ್ನೋ ಅಲ್ಲೆಲ್ಲ. ಈಗ ಹಾಕ್ಕೊಂಡು ನಿಂತಿದೀನಿ. ... ಬಗ್ಗೋದಾ? ಅದೇ ಆಗ್ತಿಲ್ಲ ನೋಡು. ಬಗ್ಗದೇ ಇದ್ರೆ ಹಲಗೆಗೆ ಕಾಲು ಕಟ್ಕೊಳ್ಳೋದು ಹೆಂಗೆ? ಬೂಟು ಬಿಚ್ಚೋಕೂ ಆಗ್ದೆ ಅರ್ಧ ಗಂಟೆಯಿಂದ ಹಿಂಗೇ ನಿಂತಿದೀನಿ. ... ಸರಿ, ರಾತ್ರಿಗೆ ಎರಡೆರಡು ಪದರ ಬಿಚ್ತೀನಿ.”

“... ಹಾಂ, ಹೇಳು. ... ಅಂಗೈ ಊರಬಾರದು. ಊರಿದ್ರೆ ಮಣಿಕಟ್ಟು ಹೋಗುತ್ತೆ. ... ಮುಷ್ಟಿ ಹಿಡಿದು ಬೀಳ್ಬೇಕು. ... ಹಿಡಿದಿದೀನಿ. ಎರಡೂ ಕೈಲಿ. ಫೋನು ಹೆಗಲ ಮೇಲಿದೆ. ... ಹಾಗಾದ್ರೆ ಹೋಗು ಅಂದ ಹಾಗಾಯ್ತು ತಾನೆ?”

“ಒಂದೇ ತೊಂದರೆ ಅಕ್ಕಾ. ಹಲಗೆ ಬಾಡಿಗೆ ಕೊಡೋರು ಒಂದು ಕಾಗದ ಕಳಿಸಿದಾರೆ. ಎತ್ತರ ಬರೆದೆ, ತೂಕ... ಬರೆದೆ ಅನ್ಕೋ. ಕೊನೇಲಿ ಒಂದು ಪ್ರಶ್ನೆ, ಹಲಗೆ ಮೇಲೆ ನಿಂತಾಗ ಯಾವ ಕಾಲು ಮುಂದೆ? ಇವತ್ತೇ ಹೇಳ್ಬೇಕಂತೆ. ನನಗೇನು ಗೊತ್ತು! ಗೊತ್ತಿಲ್ಲ ಅಂದ್ರೆ, ಹೇಳ್ದೆ ಕೇಳ್ದೆ ಯಾರಾದ್ರೂ ಹಿಂದಿನಿಂದ ತಳ್ಳಬೇಕು, ಯಾವ ಕಾಲು ತಾನಾಗಿ ಮುಂದೆ ಬರುತ್ತೋ ಅದು ಅಂತ ಬರೆದಿದಾರೆ. ... ನನ್ನನ್ನ ನಾನೇ ತಳ್ಕೊಳ್ಳೋಕಾಗುತ್ತಾ? ನನ್ನನ್ನ ತಳ್ಳೋರು ಯಾರಿದಾರೆ?”

“... ಇಲ್ಲ. ಮಗಳಿಗೆ ಹೇಳಿಲ್ಲ. ... ಬಾಯಿ ತನಕ ಬಂದು ವಾಪಸ್ ಹೋಗುತ್ತೆ. ... ಅಕ್ಕಾ, ಮಗು ಹುಟ್ಟಿದ್ಮೇಲೆ ಅವಳಿಗಿದು ಮೊದಲನೇ ರಜ. ಬೆಳಗ್ಗಿನ ಹೊತ್ತು ನಾನು ಕಸ್ಕೊಂಡ್ರೆ ಗುಂಡಣ್ಣನ್ನ ಯಾರು ನೋಡ್ತಾರೆ? ಅದೇ ನುಂಗಲಾರದ ತುತ್ತಾಗಿದೆ. ... ಹೇಳ್ತೀನಿ. ಆದ್ರೆ ಅವಳ ಮುಖ ಒಂದು ಚೂರು ಸಣ್ಣಗಾಯ್ತೋ, ಅಲ್ಲೇ ಮೇಷ್ಟ್ರಿಗೆ ಫೋನ್ ಮಾಡಿ ಹೆಸರು ಹೊಡೆಸಿ ಹಾಕ್ತೀನಿ. ... ಬಯ್ಯಬೇಡ. ನಿಜ ಹೇಳ್ದೆ.”

ಬಾಗಿಲ ಗಂಟೆ ಅಲುಗಿತು. ಅವಳು ಕಾಲೆತ್ತದೆ, ಕಪಾಟು ತಿರುಗಿದಂತೆ ಇಡಿಯಾಗಿ ತಿರುಗಿದಳು. ಮಗಳು ನಿಂತಿದ್ದಳು, ಕೈಯಲ್ಲಿ ಗುಂಡಿ ಕಿತ್ತುಹೋದ ಮಗುವಿನ ಕೋಟು.

“ಬಾ ಬಾ... ಯಾರಿಲ್ಲ, ದೊಡ್ಡಮ್ಮ ಫೋನಲ್ಲಿ. ... ಇದಾ? ಇದು... ಗಿರಾಕೀದು. ಅಳತೆ ನೋಡ್ತಿದ್ದೆ.”

ಕಿವಿಯೊಳಗೆ ಅಕ್ಕ ಏನೋ ಕಿರುಚಿದಳು.

“ಅಲ್ಲ. ಗಿರಾಕೀದಲ್ಲ ಕಣೇ. ... ನಂದು. ಹಲಗೆ ಕಲಿಯೋಕೆ. ಬೆಳಿಗ್ಗೆ ಎರಡೇ ಗಂಟೆ. ಆಮೇಲೆ ದಿನವಿಡೀ ಮಗು ನಾನೇ... ನೀನು ಬೇಡ ಅಂದ್ರೆ... ಯಾಕೇ ಮಾತಾಡ್ತಿಲ್ಲ?”

ಮಗಳು ಕೋಟನ್ನು ಕತ್ತರಿಸುವ ಮೇಜಿನ ಮೇಲಿಟ್ಟಳು. ಅಲ್ಲಿದ್ದ ಕಾಗದವನ್ನು ಎತ್ತಿಕೊಂಡು, ಮೇಲಿನಿಂದ ಕೆಳಗಿನವರೆಗೆ ಓದಿದಳು. ಅವಳ ಮುಖ ಸಣ್ಣಗಾಯಿತೋ ಇಲ್ಲವೋ ಎಂದು ತಾಯಿಗೆ ಕಾಣಿಸಲಿಲ್ಲ, ಕಾಗದ ಅಡ್ಡ ಇತ್ತು.

“ಅಕ್ಕಾ, ಅವಳು ಏನೂ ಹೇಳ್ತಿಲ್ಲ. ... ಕಾಗದ ಓದ್ತಿದಾಳೆ. ... ಗೊತ್ತಿಲ್ಲ. ಈಗ ನನ್ನ ಹಿಂದೆ ಬಂದ್ಲು. ... ಏನೇ ನೋಡ್ತಿದೀಯ, ಹೊಲಿಗೆ ಸರಿಯಿದೆಯಾ? ಆರು ಪದರ ಜಾಸ್ತಿ ಆಯ್ತು ಅಂತ ನಂಗೂ... ಅಯ್ಯಯ್ಯಯ್ಯೋ!”

ಎರಡು ಅಂಗೈಗಳು ಅವಳ ಬೆನ್ನಿಗೆ ಬಲವಾಗಿ ಬಿದ್ದವು. ಅಂಗಡಿ ಒಂದು ಗಳಿಗೆ ಮುಂದಕ್ಕೆ ವಾಲಿತು. ಕೈಗಳು ತಾವಾಗಿ ಮುಷ್ಟಿಯಾದವು, ಫೋನು ಹೆಗಲಿಂದ ಹಾರಿತು, ಬೂಟು ಧಪ್ಪೆಂದು ನೆಲಕ್ಕೆ ಅಪ್ಪಳಿಸಿತು. ಅವಳು ಬೀಳಲಿಲ್ಲ.

“ಬಲಗಾಲು! ... ಅಕ್ಕಾ, ಕೇಳಿಸ್ತಾ? ಬಲಗಾಲು ಮುಂದೆ ಬಂತು! ಮುಷ್ಟಿನೂ ಹಿಡಿದೆ! ... ಬರ್ಕೊಳ್ಳೇ, ಬಲ ಅಂತ ಬರೆ. ... ನಗಬೇಡ, ಮೊದಲು ಬರೆ. ಮತ್ತೆ ಗುಂಡಣ್ಣ? ... ಏನು? ಅಳಿಯಂದ್ರು ರಜ ಅಂದ್ರೆ ಹನ್ನೊಂದರ ತನಕ ಹಾಸಿಗೆ ಬಿಟ್ಟು ಏಳೋದೇ ಇಲ್ವಾ? ಮಗೂನ ಪಕ್ಕ ಹಾಕಿದ್ರಾಯ್ತಾ? ... ಇಷ್ಟಕ್ಕೆ ನಾನು ಎಂಟು ದಿನ ನಿದ್ದೆಗೆಟ್ನಾ!”

ಮೆಷಿನ್ನಿನ ಕಾಲ ಬಳಿ, ದಾರದ ಚೂರುಗಳ ನಡುವೆ ಬಿದ್ದಿದ್ದ ಫೋನು ಪುಟ್ಟ ದನಿಯಲ್ಲಿ ಒಂದೇ ಸಮನೆ ಮಾತಾಡುತ್ತಿತ್ತು. ಮಗಳು ನಕ್ಕೂ ನಕ್ಕೂ ಮೇಜಿಗೆ ಒರಗಿಬಿಟ್ಟಿದ್ದಳು. ತಾಯಿ ಫೋನಿನ ಕಡೆಗೆ ಕೈ ಚಾಚಿದಳು. ಪ್ಯಾಂಟು ಒಪ್ಪಲಿಲ್ಲ.

“ಅಕ್ಕಾ! ಎಲ್ಲೂ ಮುರಿದಿಲ್ಲ! ... ಫೋನು ಕೆಳಗಿದೆ, ನಂಗೆ ಬಗ್ಗೋಕಾಗ್ತಿಲ್ಲ... ನೀನೇ ಇಡು...”