ನಾಗಕ್ಕನ ಮನಿ ಮಕ್ಕಳ ನಿದ್ದಿ

ಶ್ಶ್… ಮೆಲ್ಲಕ ಬಾ ಶಿವಲೀಲಾ. ಚಪ್ಪಲಿ ಅಲ್ಲೇ ಬಿಡು. ಯಾಕ, ಇಷ್ಟು ಬೇಗ ಬಂದಿ? ಕರೆಂಟು ಹೋತಾ? ಹೋಗ್ಲಿ ಬಿಡು, ಆ ಜೀನ್ಸ್ ಪ್ಯಾಂಟು ಎಲ್ಲಿಗೂ ಓಡಿ ಹೋಗಂಗಿಲ್ಲ, ನಾಳಿ ಹೊಲಿದ್ರಾತು. ಕುಂದ್ರು. ಮಜ್ಜಿಗಿ ಕೊಡ್ಲಾ?

ಮೊದ್ಲು ಇದನ್ನ ನೋಡು. ಎಲ್ಲಾ ಸಾಲಾಗಿ ಹೆಂಗ ಮಲಗ್ಯಾವ ನೋಡು! ನೀವು ತಾಯಂದ್ರು ಕತ್ತರಿಸಿ ಬಿಸಾಕಿದ ಜೀನ್ಸ್ ಚೂರಿನಾಗೇ ಹೊಲ್ದ ಕೌದಿ, ಅದರ ಮ್ಯಾಲೆ ನಿಮ್ಮವೇ ಮಕ್ಕಳು. ಆ ಗಂಗರಾಜನ ಮಗ… ಮೊನ್ನಿ ತನಕ ನನ್ನ ಜಡಿ ಹಿಡಕಂಡು ಗೋಡಿ ಹತ್ತತಿದ್ದ. ಈಗ ನೋಡು, ಬಾಯಿ ತಕ್ಕಂಡು, ಹೊಟ್ಟಿ ಮ್ಯಾಲೆ ಕೈ ಇಟ್ಕಂಡು… ಊರ ಗೌಡ ಇದ್ದಂಗ. ನಂಗ ನಗು ತಡಿಯಕ್ಕಾಗವಲ್ದು. ಇವತ್ತು ಮಕ್ಕಳಿಗಿಂತ ಮೊದ್ಲು ನಾ ಉಂಡೆ. ಮುದ್ದಿ ಬಿಸಿ ಇದ್ದಾಗ್ಲೇ ಉಂಡೆ. ಸಾರು ಎರಡು ಸಲ ಹಾಕ್ಕಂಡೆ.

ಯಾಕ ನಗವಲ್ಲಿ?

ಹೆಂಗ ಮಲಗಿಸಿದೆ ಅಂತೀಯಾ? ಕೈಗುಣ ತಾಯಿ, ಕೈಗುಣ. ನೆತ್ತಿಗೆ ಹರಳೆಣ್ಣಿ ತಟ್ಟೋದು, ಅಂಬಲಿ ಕುಡಿಸೋದು, ಒಂದು ಜೋಗುಳ ಅನ್ನೋದು. ಅಷ್ಟೇ. ಮೊದ್ಲು ಯಾಕ ಮಲಗತಿರ್ಲಿಲ್ಲ ಅಂದ್ರ… ಮೊದ್ಲು ನಂಗ ನೆಗಡಿ ಇತ್ತು, ದನಿ ಸರಿ ಇರ್ಲಿಲ್ಲ. ಹಂಗ ನೋಡಬ್ಯಾಡವ್ವಾ, ನೆಗಡಿ ಯಾರಿಗೂ ಬರಂಗಿಲ್ಲೇನು? ಈಗ ಓಣಿಯಾಗೆಲ್ಲಾ ನಂದೇ ಮಾತು ಗೊತ್ತೈತಾ. ನಾಗಕ್ಕನ ಹತ್ರ ಬಿಟ್ರ ಮಕ್ಕಳು ಬಂಗಾರ ಅಂತಾರ.

ನಿನ್ನ ಮಗಳು ಅಂಜಿನೀನಾ? ಅಗೋ, ಆ ಮೂಲ್ಯಾಗ ಅದಾಳ. ಮುಟ್ಟಬ್ಯಾಡ, ಮುಟ್ಟಬ್ಯಾಡ… ಒಂದು ಎದ್ರ ಎಲ್ಲಾ ಎದ್ದು ನನ್ನ ಮ್ಯಾಲೆ ಬೀಳ್ತಾವ. ಇಲ್ಲಿ ಕುಂದ್ರು, ನನ್ನ ಕಡಿ ನೋಡು. ನಿನ್ನ ಕಣ್ಣು ಯಾಕ ಹಂಗ ಕೆಂಪಗಾಗ್ಯಾವ? ರಾತ್ರಿ ಮಲಗ್ಲಿಲ್ಲಾ? ಅಂಜಿನಿ ಬಿಡ್ಲಿಲ್ಲಾ? ದಿನಾ ಹಂಗೇನಾ ಈಗ, ರಾತ್ರಿಯೆಲ್ಲಾ ಆಟ? ಅಯ್ಯ, ಹಗಲೆಲ್ಲಾ ಮಲಗಿದ್ರ ರಾತ್ರಿ ಇನ್ನೇನು ಮಾಡ್ತಾಳ… ಅಂದ್ರ, ಮಕ್ಕಳೇ ಹಂಗ. ಫೋನು ತೋರಿಸಬ್ಯಾಡ ಅಂತ ನಿಂಗ ಎಷ್ಟು ಸಲ ಹೇಳಿಲ್ಲ ನಾನು.

ಚೀಲದಾಗ ಏನು ಹುಡುಕ್ತೀ? ಏನದು, ಡಬ್ಬಿ? ಎಲ್ಲಿ, ತೋರ್ಸು. ಕರಡಿ ಚಿತ್ರ… ಅಯ್ಯ, ನಿಂಗೂ ಇದೇ ಸಿಕ್ತೇನು?

…ಅಲ್ಲ. ನಿಂಗೂ ಅಂದ್ರ… ಹಂಗಲ್ಲ ಅದು.

ಕೇಳು. ನನ್ನ ತಮ್ಮನ ಹೆಂಡ್ತಿ ಪವಿತ್ರ ಬಳ್ಳಾರಿಯಿಂದ ತಂದುಕೊಟ್ಳು. ಮೆಲಟೋನಿನ್ ಅಂತ, ನಿದ್ದಿ ಬರೋ ಔಷಧಿ. ಮಿಠಾಯಿ ಇದ್ದಂಗೇ ಇರ್ತೈತಿ. ಅಕಿ ಮಗನಿಗೆ ಡಾಕ್ಟರು ಹೇಳಿದ್ರಂತ… ಅಕಿ ಮಗನಿಗೆ ಹೇಳಿದ್ದು, ನಿಮ್ಮ ಮಕ್ಕಳಿಗಲ್ಲ, ಅದೂ ಖರೇನೇ. ಒಂದೊಂದೇ ಕೊಟ್ಟೀನಿ ತಾಯಿ, ಜಾಸ್ತಿ ಇಲ್ಲ. ಗುಡಿಯಾಗ ಪ್ರಸಾದಕ್ಕ ನಿಂತಂಗ ಕೈ ಚಾಚ್ಕಂಡು ನಿಲ್ತಾವ, ನಿನ್ನ ಮಗಳೇ ಎಲ್ರಿಗಿಂತ ಮುಂದ. ನೋಡಿದ್ರ ನೀನೂ ನಗ್ತಿದ್ದಿ.

ನೀ ಯಾವಾಗ ಕೊಟ್ಟಿ? ರಾತ್ರೀನಾ? ಬೆಳಗಿನ ಜಾವ? ಎಷ್ಟು ಕೊಟ್ಟಿ? ಒಂದಕ್ಕ ಮಲಗ್ಲಿಲ್ಲ ಅಂತ ಮತ್ತ ಕೊಟ್ಟಿಯೇನು? ಬಾಯಿಬಿಟ್ಟು ಹೇಳವ್ವಾ. ಎರಡಾ? ಬೆಳಗಿನ ಜಾವಾನಾ?

ಶಿವಲೀಲಾ… ನೀ ಬರೋಕಿಂತ ಮುಂಚೇನೇ ಅಂಜಿನಿನ್ನ ಎಬ್ಬಿಸಿ ನೋಡೀನಿ. ಉಣ್ಣೋ ಹೊತ್ತಿಗೆ ಉಳಿದವೆಲ್ಲಾ ಎದ್ವು, ಉಂಡ್ವು, ಮತ್ತ ಬಿದ್ಕಂಡ್ವು. ಅಂಜಿನಿ ಏಳ್ಲಿಲ್ಲ. ಮಕಕ್ಕ ನೀರು ಹಚ್ಚಿದೆ, ಅಂಗಾಲು ತಿಕ್ಕಿದೆ. ಊಂ ಅಂತಾಳ, ಮತ್ತ ಕಣ್ಣು ಮುಚ್ತಾಳ. ಬೆಳಿಗ್ಗೆ ನೀ ಕರಕಂಡು ಬಂದಾಗ್ಲೇ ತೂಕಡಿಸ್ತಿದ್ಳು, ನಂಗ್ಯಾಕ ತಿಳೀಲಿಲ್ಲ? ಅದರ ಮ್ಯಾಲೆ ನಾನೂ ಕೊಟ್ಟೆ. ನಿಂಗ ಹೆಂಗ ಹೇಳ್ಲಿ ಅಂತ ಗೊತ್ತಾಗದೆ ಆಗ್ಲಿಂದ ಬಾಯಿಗೆ ಬಂದಂಗ ಮಾತಾಡ್ತಿದ್ದೆ.

ಉಸಿರು ಸರಿ ಐತಿ. ಮೈ ಬೆಚ್ಚಗೈತಿ. ಎತ್ಕೋ ಅಕಿನ್ನ. ಇವುನ್ನ ಪಕ್ಕದ ಮನಿ ಚಿನ್ನಕ್ಕ ನೋಡ್ಕಂತಾಳ, ನಾ ಆಟೋ ಕರೀತೀನಿ. ಡಬ್ಬಿ ಎರಡೂ ತಗೋ. ಡಾಕ್ಟರು ಕೇಳಿದ್ರ ನಾ ಕೊಟ್ಟಿದ್ದೂ ಹೇಳು, ನೀ ಕೊಟ್ಟಿದ್ದೂ ಹೇಳು. ನಾ ಮುಚ್ಚಿಟ್ಟಂಗ ನೀ ಮುಚ್ಚಿಡಬ್ಯಾಡ ತಾಯಿ. ನಡಿ.