ಕಿಟಕಿಗೆ ಮುಖ ಮಾಡಿದ ನಟ

ಇಂಗ್ಲೆಂಡಿನಲ್ಲಿ, ಸಮುದ್ರದ ದಂಡೆಯ ಒಂದೂರಲ್ಲಿ, ಒಬ್ಬ ನಗಿಸುವ ನಟನಿದ್ದ. ದೂರದ ದೇಶದವನ ಕಥೆ ನಮಗೇಕೆ ಎನ್ನಬೇಡಿ. ಮನೆ ಎಲ್ಲಿದ್ದರೂ ಮನೆಯೇ. ಹರೆಯದಲ್ಲಿ ಸಣ್ಣಪುಟ್ಟ ನಾಟಕ ಕಂಪನಿಗಳ ಜೊತೆ ತಿರುಗಿದ, ಖಾಲಿ ಕುರ್ಚಿಗಳ ಮುಂದೆ ಕುಣಿದ. ಆಮೇಲೆ ಟೀವಿಯವರು ಕರೆದರು. ಒಂದು ಧಾರಾವಾಹಿಯಲ್ಲಿ ಸಿಡುಕಿನ ಕ್ಷೌರಿಕನಾದ. ಇಡೀ ದೇಶ ಊಟದ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಅವನನ್ನು ನೋಡಿ ನಕ್ಕಿತು.

ಅವರ ಕೆಲಸದ ರೀತಿ ಹೇಗೆ, ನೋಡಿ. ಟೀವಿಗಾಗಿ ಕಟ್ಟುವ ಮನೆಗೆ ಮೂರೇ ಗೋಡೆ. ನಾಲ್ಕನೆಯ ಕಡೆ ಬಯಲು. ಅಲ್ಲಿ ಕ್ಯಾಮೆರಾ, ಅದರ ಹಿಂದೆ ನಗಲೆಂದೇ ಬಂದು ಕೂತ ಜನ. ಹೆಂಡತಿಯ ಪಾತ್ರದವಳೊಡನೆ ಜಗಳವಾಡುವಾಗಲೂ ನಟನ ಮುಖ ಆ ಬಯಲಿನ ಕಡೆಗೇ. ಮಾತು ಹೇಳಬೇಕು, ತುಸು ತಡೆಯಬೇಕು, ನಗೆ ಬಂದು ಇಳಿದ ಮೇಲೆ ಮುಂದಿನ ಮಾತು.

ವಯಸ್ಸಾಯಿತು. ಧಾರಾವಾಹಿ ನಿಂತಿತು. ನಟ ಮನೆಗೆ ಬಂದ. ಕಪಿಲೆ ಬಾವಿಯಲ್ಲಿ ಮುಂದೆ ನಡೆದು ನೀರೆಳೆದು, ಹಿಂದೆ ನಡೆದು ಬಾನೆ ಇಳಿಸಿ ದುಡಿದ ಎತ್ತು ನೊಗ ಬಿಚ್ಚಿದರೂ ಹಿಂದಕ್ಕೇ ಹೆಜ್ಜೆ ಇಡುವುದನ್ನು ನಿಮ್ಮಲ್ಲಿ ಹಿರಿಯರು ಕಂಡಿರುತ್ತೀರಿ. ಇವನೂ ಹಾಗೆಯೇ. ಕುರ್ಚಿಯನ್ನು ಸಮುದ್ರದ ಕಡೆಯ ದೊಡ್ಡ ಕಿಟಕಿಗೆ ಮುಖ ಮಾಡಿ ಹಾಕಿಕೊಂಡ. ಸಂಜೆಯ ಮಂಜಿನೊಳಗೆ ಅವನಿಗೆ ಸಾಲು ಸಾಲು ಕುರ್ಚಿಗಳು ಕಾಣುತ್ತಿದ್ದವು, ಕುರ್ಚಿಗಳಲ್ಲಿ ಮುಖಗಳು. ಅಲೆ ದಂಡೆಗೆ ಬಂದು ಒಡೆದರೆ ಅವನ ಕಿವಿಗೆ ಅದು ನಗೆ.

ಬೆನ್ನ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ. ಅವಳಿಗೆ ಕಿವಿ ಮಂದವಾಗುತ್ತ ಬಂದಿತ್ತು. ಆಡುವವರ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದಳು. ಗಂಡನಿಗೆ ಅದು ಗೊತ್ತಿತ್ತೇ? ಗೊತ್ತಿತ್ತು. ನೆನಪಿತ್ತೇ? ಇರಲಿಲ್ಲ.

ಒಂದು ಸಂಜೆ ಅವಳು ಕೋಟು ತೊಟ್ಟು, ಪೆಟ್ಟಿಗೆ ಹಿಡಿದು ನಿಂತಳು. "ತಂಗಿ ಮನೆಗೆ ಹೋಗ್ತೀನಿ ಕಣ್ರೀ. ಇನ್ನು ಅಲ್ಲೇ ಇದ್ದುಬಿಡ್ತೀನಿ."

"ಅಯ್ಯೋ ಪಾಪ, ನಿನ್ನ ತಂಗಿ ಗಂಡ!" ಎಂದ, ಕಿಟಕಿಗೆ. ಎಂದು, ತಡೆದ. ಅಲೆ ಒಡೆಯಿತು.

"ಏನೋ ಅಂದ್ರಿ ಅನ್ಸುತ್ತೆ. ನಂಗೆ ಬೆನ್ನಷ್ಟೇ ಕಾಣ್ಸೋದು. ನಿಮ್ಮ ಮಾತು ಬೇಕು ಅನ್ನಿಸ್ದಾಗ ಆ ಹಳೇ ಧಾರಾವಾಹಿ ಹಾಕ್ಕೊಂಡು ಕೂತ್ಕೋತೀನಿ. ಅದ್ರಲ್ಲಾದ್ರೂ ನನ್ನ ಕಡೆ ಮುಖ ಮಾಡಿರ್ತೀರಿ."

ಮಂಜಿನೊಳಗಿನ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಅವನು ಎದ್ದು ತಿರುಗಿದ. ನಗಿಸುವ ಮಾತೊಂದು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡ. ಅವಳ ಎದುರು ನಿಂತು ಬಿಡಿಸಿ ಬಿಡಿಸಿ ಹೇಳಿದ: "ಚಹಾ ಮಾಡ್ಕೊಡ್ಲಾ?"

"ನಂಗೆ ಸಕ್ಕರೆ ಎಷ್ಟು, ಗೊತ್ತಾ?"

"ಗೊತ್ತಿಲ್ಲ. ಹೇಳು."

ಅವಳು ಪೆಟ್ಟಿಗೆಯನ್ನು ಕೆಳಗಿಟ್ಟಳು. "ಬಸ್ಸಿಗೆ ಇನ್ನೂ ಹೊತ್ತಿದೆ," ಎಂದಳು. ಆ ಬಸ್ಸು ಬಂತು, ಹೋಯಿತು. ಅವಳು ಹತ್ತಲಿಲ್ಲ.

ನೀವು ನಟರಲ್ಲ, ಒಪ್ಪಿದೆ. ಆದರೆ ನೆಂಟರು ಬಂದಾಗ ಹೆಂಡತಿಯ ಸಾರನ್ನು, ಅವಳ ತವರನ್ನು ಹಾಸ್ಯ ಮಾಡುತ್ತೀರಲ್ಲ, ಆಗ ನಿಮ್ಮ ಮುಖ ಯಾರ ಕಡೆ ಇರುತ್ತದೆ? ನೆಂಟರ ಕಡೆ. ಅವರು ನಗುತ್ತಾರೆ, ಎದ್ದು ಹೋಗುತ್ತಾರೆ. ಬಡಿಸಿದವಳು ಅಲ್ಲೇ ನಿಂತಿರುತ್ತಾಳೆ. ತಾಯಂದಿರೇ, ನೀವು ನಗಬೇಡಿ. ಅತ್ತೆಯ ನಡಿಗೆಯನ್ನು ಪಕ್ಕದ ಮನೆಯವರ ಮುಂದೆ ಆಡಿ ತೋರಿಸುವವರು ನಿಮ್ಮಲ್ಲೂ ಇದ್ದೀರಿ. ಇವತ್ತು ಮನೆಗೆ ಹೋಗಿ ಊಟಕ್ಕೆ ಕೂತಾಗ ಎದುರಿಗಿರುವವರ ಮುಖ ನೋಡಿ ಒಂದು ಮಾತು ಕೇಳಿ. ಸಾದಾ ಮಾತು, ಯಾರೂ ನಗಬೇಕಾಗಿಲ್ಲ. ಅವರು ಹೇಳಿ ಮುಗಿಸುವ ತನಕ ಎಲೆ ಬಿಟ್ಟು ಏಳಬೇಡಿ.