ರಿಪೋರ್ಟ್ ಚಲೋ ಬಂದ ಮ್ಯಾಲ

ಹೌದು ಯವ್ವಾ, ನೀ ಹುಟ್ಟಿದಾಗ ನಾ ನಿನ್ನ ಎತ್ಕೊಳ್ಳಲಿಲ್ಲ, ನಿಮ್ಮವ್ವ ಹೇಳೂದು ಖರೆನ ಐತಿ. ಆದ್ರ ಹೆಣ್ಣು ಹುಟ್ತಂತ ಸಿಟ್ಟಲ್ಲ, ಆಣಿ ಮಾಡಿ ಹೇಳ್ತೇನಿ. ಅದಕ್ಕೂ ಒಂದ ವರ್ಷ ಮೊದ್ಲ, ಅಲ್ಲಲ್ಲ, ಎರಡ ವರ್ಷ ಆಗಿತ್ತೇನೋ, ನನ್ನ ಕೈ ಎರಡೂ ಜೋಮು ಹಿಡ್ಯಾಕ ಹತ್ತಿದ್ವು. ಮೊದ್ಲ ಜೋಮು, ಆಮ್ಯಾಲ ಉರಿ, ಖಾರ ಅರದ ಕೈ ಉರದಂಗ. ಇಳಕಲ್ಲಾಗ ನಮ್ಮ ಮನ್ಯಾಗ ಸೀರಿ ಒಡಲಿಗೆ ಸೆರಗಿನ ಎಳಿ ಕೂಡ್ಸೂ ಕೊಂಡಿ ಕೆಲಸ ನಂದ; ಎಳಿ ಹಿಡದ್ರ ಹಿಡದದ್ದ ಗೊತ್ತಾಗವಲ್ದು. ನಿಮ್ಮಜ್ಜ ಬಾಗಲಕೋಟಿಗೆ ದೊಡ್ಡ ದವಾಖಾನಿಗೆ ಕರಕೊಂಡು ಹೋದ್ರು. ರಕ್ತ ತಗದ್ರು, ನರಕ್ಕ ಕರೆಂಟ್ ಹಚ್ಚಿ ನೋಡಿದ್ರು, ಸ್ಕ್ಯಾನೂ ಆತು. ಆ ಡಾಕ್ಟರ್ ಕಾಗದ ತಿರುವಿ ಹಾಕಿ, ನನ್ನ ಮಾರಿ ಸೈತ ನೋಡದ, "ಏನೂ ಇಲ್ಲಮ್ಮ, ಎಲ್ಲಾ ನಾರ್ಮಲ್. ಮನ್ಯಾಗ ಏನರ ಟೆನ್ಶನ್ ಐತೇನು?" ಅಂದ. "ಕೈ ಉರೀತಾವ್ರಿ ಸಾಹೇಬ್ರ" ಅಂದ್ನಿ. "ಅದು ನಿಮ್ಮ ಮನಸ್ಸಿಂದು" ಅಂತ ಬೆಲ್ ಒತ್ತಿಬಿಟ್ಟ. ನಾ ಏಳೂದ್ರಾಗ ಮುಂದಿನವರು ಒಳಗ ಬಂದ್ರು.

ನಮ್ಮತ್ತಿ, ಪಾಪ, ಭಾಳ ಅಂತಃಕರಣದಾಕಿ. ರಿಪೋರ್ಟ್ ಚಲೋ ಬಂದ್ರ ಬನಶಂಕರಿಗೆ ಹಸರ ಸೀರಿ ಉಡಿಸ್ತೇನಿ ಅಂತ ಹರಕಿ ಹೊತ್ತಿದ್ಲು. ಚಲೋ ಬಂತಲ್ಲ! ಆ ಶುಕ್ರವಾರ ಹೋಗಿ ಹರಕಿ ತೀರಿಸಿ ಬಂದ್ವಿ, ಓಣಿ ತುಂಬ ಪೇಢಾ ಹಂಚಿದ್ರು. ಮರುದಿನ ಮತ್ತ ಕೈ ಉರೀತಾವು ಅಂದ್ರ ಅತ್ತಿ ನನ್ನ ಬಾಯಿ ಮುಚ್ಚಿದ್ಲು: "ಹಂಗನಬ್ಯಾಡ ನನ್ನವ್ವ, ದೇವಿನ್ನ ಸುಳ್ಳು ಮಾಡಿದಂಗ ಆಗ್ತೈತಿ." ಅವತ್ತಿಂದ ಯಾರ್ ಕೇಳಿದ್ರೂ ಆರಾಮ ಅದೀನಿ, ಆರಾಮ ಅದೀನಿ, ಅದ ಒಂದ ಮಾತು.

ಮುಂದ ನೀ ಹುಟ್ಟಿದಿ. ನಿಮ್ಮವ್ವ ಬಾಣಂತನಕ್ಕ ಬಂದಾಕಿ ನಿನ್ನ ನನ್ನ ಮುಂದ ಹಿಡದ್ಲು: "ತಗೋಬೇ, ನಿನ್ನ ಮೊಮ್ಮಗಳು." ಅವತ್ತ ಮುಂಜಾನೆನ ನೀರಿನ ತಂಬಿಗಿ ಕೈಯಿಂದ ಜಾರಿ ಬಿದ್ದಿತ್ತು. ಕೂಸು ಬಿದ್ರ? ಕೈ ಹಿಂದ ತಗೊಂಡ್ನಿ. "ಕೈಯಾಗ ಶಕ್ತಿ ಇಲ್ಲ ಮಗಳ" ಅಂದ್ರ, "ರಿಪೋರ್ಟ್ ನಾನ ಓದೇನಿ ಅವ್ವಾ, ಎಲ್ಲಾ ನಾರ್ಮಲ್ ಐತಿ. ಹೆಣ್ಣು ಬ್ಯಾಡಾಗಿತ್ತಂತ ಬಾಯಿ ಬಿಟ್ಟ ಹೇಳು" ಅಂದ್ಲು. ಬಾಣಂತನ ಮುಗಿಯೂ ಮೊದ್ಲ ಹುನಗುಂದಕ್ಕ, ಗಂಡನ ಮನಿಗೆ, ಹೋಗಿಬಿಟ್ಲು. ಜಡ್ಡಿಗೆ ಇವತ್ತಿಗೂ ಹೆಸರು ಸಿಕ್ಕಿಲ್ಲ, ಉರಿನೂ ಹೋಗಿಲ್ಲ. ಈಗ ನೀ ನನ್ನ ಹೆಗಲ ಮಟಾ ಬೆಳದಿ, ಇನ್ನ ಎತ್ಕೊಳ್ಳಾಕ ಬರೂದಿಲ್ಲ. ನೋಡವ್ವ, ನಿನಗ ಯಾರರ ನೋಯ್ತೈತಿ ಅಂದ್ರ, ರಿಪೋರ್ಟ್ ಆಮ್ಯಾಲ ನೋಡು, ಮೊದ್ಲ ಅವರ ಕೈ ಹಿಡಿ.